ನಾಗಪ್ಪನ ಹಾಲಿನಲ್ಲಿ ಹಲ್ಲು

ನನಗೆ ಯಾರ ಮೇಲೂ ಬೇಗ ನಂಬಿಕೆ ಹುಟ್ಟುವುದಿಲ್ಲ. ಇದನ್ನು ನಾನು ದೊಡ್ಡ ಗುಣವೆಂದೇ ತಿಳಿದುಕೊಂಡು ಬಂದವಳು. ಯಲಬುರ್ಗಾದ ಸರಕಾರಿ ಕಚೇರಿಯೊಂದರಲ್ಲಿ ಜನ ತಂದ ಅರ್ಜಿ, ದಾಖಲೆಗಳನ್ನು ತಿರುವಿ ನೋಡುವುದು ನನ್ನ ಕೆಲಸ. ಆ ಕಾಗದಗಳಲ್ಲಿ ಸತ್ತವರು ಸಹಿ ಮಾಡಿರುತ್ತಾರೆ, ಇನ್ನೂ ಹುಟ್ಟದವರಿಗೆ ವಯಸ್ಸಾಗಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಗಳಿಗೆ ಹೇಳಿ ಹೇಳಿಯೇ ಬೆಳೆಸಿದ್ದೇನೆ. "ನೀ ದೇವರ ಬಂದ್ರೂ ಆಧಾರ್ ಕಾರ್ಡ್ ಕೇಳಾಕಿ" ಎಂದು ಗಂಡ ಹಾಸ್ಯ ಮಾಡುತ್ತಾರೆ. ಕೇಳಿದರೆ ತಪ್ಪೇನು ಎಂದು ನಾನು ಅನ್ನುತ್ತೇನೆ.

ಎರಡು ವರ್ಷದ ಹಿಂದಿನ ನಾಗರಪಂಚಮಿಗೆ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ತಾವರಗೇರಾದಿಂದ ಸ್ವಲ್ಪ ಒಳಗಿರುವ ಹಳ್ಳಿ ಅದು. ಮಗಳಿಗೆ ಆಗ ಹನ್ನೊಂದು ವರ್ಷ. ಬೆಳಿಗ್ಗೆ ಅವ್ವನ ಜೊತೆ ನಾಗಪ್ಪನ ಕಟ್ಟೆಗೆ ಹೋಗಿ ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು ಎನ್ನುತ್ತ ಹಾಲೆರೆದು ಬಂದೆವು. ಸಂಜೆ ಹೊಲದ ಹುತ್ತಕ್ಕೂ ಹೋಗುವುದಿತ್ತು. ಅದಕ್ಕೆಂದು ಅವ್ವ ಒಂದು ತಂಬಿಗೆ ಹಸಿ ಹಾಲನ್ನು ಜಗುಲಿಯ ಮೇಲೆ ಬೇರೆಯಾಗಿಯೇ ಇಟ್ಟಿದ್ದಳು.

ಊಟವಾದ ಮೇಲೆ ಬೇವಿನ ಮರದ ಜೋಕಾಲಿಯ ಸುತ್ತ ಓಣಿಯ ಹುಡುಗಿಯರೆಲ್ಲ ಸೇರಿದ್ದರು. ಸುಮಾರು ಎರಡು ಗಂಟೆಗೆ ಕಿರುಚಿದ ಸದ್ದು ಕೇಳಿ ಓಡಿಹೋದೆ. ಹಿಂದಕ್ಕೆ ಬಂದ ಜೋಕಾಲಿಯ ಹಲಗೆ ಮಗಳ ಬಾಯಿಗೆ ಬಡಿದಿತ್ತು. ಮೇಲಿನ ಮುಂದಿನ ಹಲ್ಲು ಒಂದು ಬುಡಸಮೇತ ಕಿತ್ತು ಮಣ್ಣಿನಲ್ಲಿ ಬಿದ್ದಿತ್ತು.

ಬೇರೆ ತಾಯಂದಿರು ಆಗ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ನಾನು ವಿಚಾರಣೆಗೆ ನಿಂತೆ. ಯಾರು ಜೀಕಿದರು, ಇವಳನ್ನು ಹಿಂದೆ ನಿಲ್ಲಿಸಿದವರು ಯಾರು, ಬೇಕೆಂತಲೇ ಮಾಡಿದರೋ ಹೇಗೆ. ಒಬ್ಬಳ ಮಾತಿಗೂ ಇನ್ನೊಬ್ಬಳ ಮಾತಿಗೂ ತಾಳೆಯಾಗಲಿಲ್ಲ. ಹುಡುಗಿಯರು ಒಬ್ಬೊಬ್ಬರೇ ಜಾರಿಕೊಂಡು ಜೋಕಾಲಿ ಖಾಲಿಯಾಗುವ ಹೊತ್ತಿಗೆ ಕಾಲು ತಾಸು ಹೋಗಿತ್ತು. ಅಷ್ಟರಲ್ಲಿ ಅವ್ವ ಮೊಮ್ಮಗಳನ್ನು ಒಳಗೆ ಕೂರಿಸಿ, ಬಾಯಿಗೆ ಅರಿಷಿಣ ಒತ್ತಿ, ತನಗೆ ತಿಳಿದದ್ದನ್ನೆಲ್ಲ ಮಾಡಿ ಮುಗಿಸಿದ್ದಳು.

ಡಾಕ್ಟರ ಹತ್ತಿರ ಹೋಗೋಣವೆಂದರೆ ಅದು ಹಬ್ಬದ ದಿನ. ಮೊಬೈಲಿನಲ್ಲಿ ಹುಡುಕಿದೆ. ಸದಾ ತೆರೆದಿರುತ್ತದೆ ಎಂದು ಬರೆದುಕೊಂಡಿದ್ದ ಗಂಗಾವತಿಯ ಒಂದು ನಂಬರು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಕೊಪ್ಪಳದ ಇನ್ನೊಂದನ್ನು ಸಿಮೆಂಟಿನ ಅಂಗಡಿಯವನು ಎತ್ತಿ, ಎಷ್ಟು ಚೀಲ ಬೇಕೆಂದು ಕೇಳಿದ. ಕೊನೆಗೆ ನನ್ನ ತಮ್ಮ ತಾನು ಹಿಂದೊಮ್ಮೆ ದವಡೆ ಹಲ್ಲು ತೆಗೆಸಿದ್ದ ಕುಷ್ಟಗಿಯ ಡಾಕ್ಟರಮ್ಮನ ನಂಬರು ಕೊಟ್ಟ. ಎರಡನೇ ರಿಂಗಿಗೇ ಎತ್ತಿದರು. ನಾನು ಹೇಳಿದ್ದನ್ನು ಕೇಳಿಸಿಕೊಂಡು ಅವರು ಕೇಳಿದ ಮೊದಲ ಮಾತೇ ನನಗೆ ಸರಿಬರಲಿಲ್ಲ.

"ಹಲ್ಲು ಎಲ್ಲೈತ್ರಿ ಈಗ?"

"ಹುಡುಗಿ ಬಾಯಾಗಿನ ರಕ್ತ ನಿಂದ್ರವಲ್ದು, ನೀವು ಹಲ್ಲು ಕೇಳ್ತೀರಲ್ರಿ!"

"ಸ್ವಚ್ಛ ಬಟ್ಟಿ ಕಚ್ಚಿ ಹಿಡಕೊಳ್ಳಾಕ ಹೇಳ್ರಿ, ರಕ್ತ ನಿಂದರತೈತಿ. ಹಲ್ಲು ಬೆಳ್ಳಗಿದ್ದ ಕಡೆ ಹಿಡೀರಿ, ಬೇರಿಗೆ ಕೈ ಹಚ್ಚಬ್ಯಾಡ್ರಿ, ತಿಕ್ಕಬ್ಯಾಡ್ರಿ. ಹಾಲಾಗ ಹಾಕ್ಕೊಂಡು ಈಗಿಂದೀಗ ಬರ್ರಿ. ನಾ ಬಾಗಿಲ ತಗದಿರತೀನಿ."

ಫೋನ್ ಇಟ್ಟೆ. ಹಲ್ಲನ್ನು ಹಾಲಿನಲ್ಲಿ ಹಾಕುವುದೆಂದರೇನು? ಈಯಮ್ಮ ನನ್ನನ್ನು ಆಡಿಕೊಳ್ಳುತ್ತಿದ್ದಾಳೋ? ಹಬ್ಬದ ದಿನ, ಹೆಸರೂ ಕೇಳದೆ, ಊರೂ ಕೇಳದೆ ಬಾಗಿಲು ತೆಗೆಯುತ್ತೇನೆ ಅನ್ನುವವಳಿಗೆ ಬೇರೆ ಪೇಶಂಟುಗಳೇ ಇಲ್ಲವೋ? ಇದನ್ನು ತಾಳೆ ನೋಡದೆ ಹೊರಡುವುದು ನನ್ನಿಂದಾಗಲಿಲ್ಲ. ಕೊಪ್ಪಳದಲ್ಲಿ ನರ್ಸ್ ಆಗಿರುವ ಗೆಳತಿಗೆ ಫೋನ್ ಹಚ್ಚಿದೆ. ಅವಳು ಎತ್ತಲಿಲ್ಲ. ಮತ್ತೆ ಹಚ್ಚಿದೆ. ನಾಲ್ಕನೇ ಸಲ ಎತ್ತಿದವಳು, "ಅಕಿ ಖರೇನ ಹೇಳ್ಯಾಳ, ಮದಲ ಹೊಂಡ ನೀ" ಎಂದು ಬೈದಳು.

ಆಗ ಅವ್ವನನ್ನು ಕೇಳಿದೆ, ಹಲ್ಲು ಎಲ್ಲಿ ಎಂದು.

"ಶೆಗಣ್ಯಾಗ ಸುತ್ತಿ ಮಾಳಗಿ ಮ್ಯಾಲ ಒಗದೆ."

ನಾನು ಸಣ್ಣವಳಿದ್ದಾಗ ನನ್ನ ಹಲ್ಲುಗಳನ್ನೂ ಅವಳು ಹಾಗೆಯೇ ಒಗೆದಿದ್ದಳು. ಬಿದ್ದ ಹಲ್ಲು ಮಾಳಿಗೆ ಸೇರಿದರೆ ಹೊಸದು ನೆಟ್ಟಗೆ ಹುಟ್ಟುತ್ತದೆ ಎಂದು ಅವಳ ನಂಬಿಕೆ. "ಯಾಕ ಮಾರಿ ಹಂಗ ಮಾಡ್ತಿ? ಹುಡುಗರ ಹಲ್ಲು, ಮತ್ತ ಬರತೈತಿ ತಗೋ" ಎಂದಳು.

"ಹಾಲಹಲ್ಲಲ್ಲವ್ವಾ ಅದು! ಒಮ್ಮಿ ಬಿದ್ದು ಹುಟ್ಟಿದ ಹಲ್ಲು. ಇನ್ನ ಬರಂಗಿಲ್ಲ."

ಅವ್ವ ಕಂಬ ಹಿಡಿದು ಹಾಗೇ ಕುಳಿತುಬಿಟ್ಟಳು. ಮಗಳು ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದವಳು ಈಗ ಸದ್ದು ಮಾಡಿ ಅಳತೊಡಗಿದಳು. ಅಲ್ಲಿಯವರೆಗೆ ಅವಳೂ ಅಜ್ಜಿಯ ಮಾತನ್ನು ನಂಬಿದ್ದಳೆಂದು ನನಗೆ ಆಗ ಗೊತ್ತಾಯಿತು.

ತಮ್ಮ ನಿಚ್ಚಣಿಕೆ ಇಟ್ಟು ಮೇಲೆ ಹತ್ತಿದ. ಶ್ರಾವಣದ ಮಳೆಗೆ ಮಾಳಿಗೆಯ ಮಣ್ಣಿನ ಮೇಲೆಲ್ಲ ಹುಲ್ಲು ಎದ್ದಿತ್ತು. ಅವತ್ತು ಮಾತ್ರ ಬಿಸಿಲು ಬಿರುಸಾಗಿತ್ತು. ನಾನು ಕೆಳಗಿನಿಂದ ಆಚೆ ನೋಡು, ಈಚೆ ನೋಡು ಎಂದು ಕೂಗುತ್ತಲೇ ಇದ್ದೆ. ಬೆಳಕಿಂಡಿಯ ಹತ್ತಿರ ಅಂತೂ ಸಿಕ್ಕಿತು. ಶೆಗಣಿ ಒಣಗಿ ಹಕ್ಕಳೆಯಾಗಿತ್ತು. ಬಿಡಿಸಿ ನೀರು ಹನಿಸಿ ನೋಡಿದರೆ ಹಲ್ಲು ಇಡಿಯಾಗಿಯೇ ಇತ್ತು. ಗಡಿಯಾರದಲ್ಲಿ ಮೂರು ಹೊಡೆದು ಹತ್ತು ನಿಮಿಷ.

ಇನ್ನು ಹಾಲು. ಮನೆಯಲ್ಲಿದ್ದದ್ದೆಲ್ಲ ಚಹಾಕ್ಕೆ ಹೋಗಿತ್ತು. ಉಳಿದದ್ದು ಜಗುಲಿಯ ಮೇಲಿನ ತಂಬಿಗೆ ಮಾತ್ರ. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವ್ವ ನೋಡಿದಳು.

"ನಾಗಪ್ಪನ ಹಾಲಾಗ ಎಂಜಲ ಹಲ್ಲೇನ?" ಎಂದಳು. ನಾನು ಉತ್ತರ ಕೊಡುವ ಮೊದಲೇ ಎದ್ದು, ತಂಬಿಗೆಯನ್ನು ತಾನೇ ತಂದು ನನ್ನ ಕೈಗಿಟ್ಟಳು. "ತಗೊಂಡು ಹೋಗು. ನಾಗಪ್ಪಗ ನಾ ಹೇಳಕೋತೀನಿ."

ತಮ್ಮನ ಬೈಕಿನ ಮೇಲೆ ಮೂವರು ಹೊರಟೆವು. ನಡುವೆ ಮಗಳು, ಹಿಂದೆ ನಾನು, ನನ್ನ ಕೈಯಲ್ಲಿ ತಂಬಿಗೆ. ತಗ್ಗು ಬಂದಾಗಲೆಲ್ಲ ಹಾಲು ತುಳುಕಿ ಸೀರೆಯ ಮೇಲೆ ಚೆಲ್ಲುತ್ತಿತ್ತು. ಪ್ರತಿಸಲವೂ ಒಳಗೆ ಬೆರಳಾಡಿಸಿ ಹಲ್ಲು ಇದೆಯೋ ಇಲ್ಲವೋ ನೋಡುತ್ತಿದ್ದೆ. ನನಗೆ ಬಹಳ ಭಯವಾಗಿತ್ತು. ಅವಳು ನಗುವಾಗ ಮೊದಲು ಕಾಣುತ್ತಿದ್ದದ್ದೇ ಮುಂದಿನ ಆ ಎರಡು ಹಲ್ಲುಗಳು.

ಕುಷ್ಟಗಿಯ ಆ ಓಣಿಯಲ್ಲಿ ಎಲ್ಲ ಅಂಗಡಿಗಳೂ ಮುಚ್ಚಿದ್ದವು. ಒಂದು ಶಟರ್ ಮಾತ್ರ ಅರ್ಧ ತೆರೆದಿತ್ತು. ಡಾಕ್ಟರಮ್ಮ ಮೂವತ್ತು ದಾಟಿದವರಂತೆ ಕಂಡರು. ಮನೆಯಲ್ಲಿ ಉಡುವ ಬಟ್ಟೆಯಲ್ಲೇ ಇದ್ದರು, ಕೈಯಿಂದ ಹಬ್ಬದ ಉಂಡೆಯ ಯಾಲಕ್ಕಿ ವಾಸನೆ ಬರುತ್ತಿತ್ತು. ಸಹಾಯಕಿಯೂ ಹಬ್ಬಕ್ಕೆ ಊರಿಗೆ ಹೋಗಿದ್ದಳು. ನಾನು ಗೋಡೆಯ ಮೇಲಿನ ಪ್ರಮಾಣಪತ್ರದ ಹತ್ತಿರ ಹೋಗಿ ಓದತೊಡಗಿದೆ. ಅವರು ಹಿಂದಿನಿಂದ ನೋಡಿ ನಕ್ಕರು. "ಸೀಲು ಕೆಳಗ ಬಲಗಡೆ ಐತಿ ನೋಡ್ರಿ. ನೀವು ಓದಿ ಮುಗಸೂದ್ರಾಗ ನಾ ಕೈ ತೊಳಕೋತೀನಿ."

ಕೈಗವಸು ಹಾಕಿಕೊಂಡು, ಮಗಳನ್ನು ಕುರ್ಚಿಯಲ್ಲಿ ಮಲಗಿಸಿ, ಕಾರ್ಡು ತೆಗೆದು ಅವರು ಕೇಳಿದರು. "ಹಾಲಿಗೆ ಹಾಕೂಕಿಂತ ಮದಲ ಹಲ್ಲು ಎಷ್ಟೊತ್ತು ಹೊರಗಿತ್ತು?"

"ಹದಿನೈದ ನಿಮಿಷ ಇದ್ದೀತ್ರಿ" ಅಂದೆ.

"ಎಲ್ಲಿ ಬಿದ್ದಿತ್ತು?"

"ಮಣ್ಣಾಗ."

ಸುಳ್ಳು ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ತಾಸಿನ ಮೇಲಾಯಿತು ಎಂದರೆ ಈಯಮ್ಮ ಇನ್ನು ಆಗುವುದಿಲ್ಲ ಎನ್ನುತ್ತಾಳೆ, ಅಸಲಿ ಹಲ್ಲನ್ನು ಬುಟ್ಟಿಗೆ ಹಾಕಿ ಕಟ್ಟುಹಲ್ಲು ಹಾಕಿಸಿ ಅನ್ನುತ್ತಾಳೆ ಎಂದು ನನ್ನ ಅನುಮಾನ. ತಡವಾಗಿ ಬಂದ ಅರ್ಜಿಯನ್ನು ನಾನೇ ಎಷ್ಟು ವಾಪಸು ಕಳಿಸಿಲ್ಲ. ಶೆಗಣಿಯ ವಿಷಯ ಹೇಳಲು ನಾಚಿಕೆ. ತಮ್ಮ ನೆಲ ನೋಡಿದ. ಮಗಳು ಬಾಯಿಯಲ್ಲಿ ಹತ್ತಿ ಇದ್ದುದರಿಂದ ಮಾತಾಡುವಂತಿರಲಿಲ್ಲ, ಆದರೆ ಕಣ್ಣು ಹೊರಳಿಸಿ ನನ್ನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಸುಮ್ಮಸುಮ್ಮನೆ, "ಹದಿನೈದರ ಮ್ಯಾಲಂತೂ ಆಗಿಲ್ಲ ಬಿಡ್ರಿ" ಎಂದು ಇನ್ನೊಂದು ಸಲ ಹೇಳಿದೆ.

ಅವರು ಬರೆದುಕೊಂಡರು. ಹಲ್ಲನ್ನು ಸಲೈನಿನಲ್ಲಿ ಬಹಳ ಹೊತ್ತು ತೊಳೆದರು. ಮರಗಟ್ಟಿಸುವ ಸೂಜಿ ಕೊಟ್ಟು, ಮೆಲ್ಲಗೆ ಒತ್ತಿ ಹಲ್ಲನ್ನು ಅದರ ಜಾಗಕ್ಕೆ ಕೂರಿಸಿ, ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಬಿಗಿದರು. ನಾನು ಮೊಬೈಲಿನ ಟಾರ್ಚು ಹಿಡಿದು ಅವರ ಕೈಯನ್ನೇ ಕಾಯುತ್ತಿದ್ದೆ. ಸರಕಾರಿ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಇಂಜೆಕ್ಷನ್ ಇವತ್ತೇ ಹಾಕಿಸಿ ಎಂದು ಎರಡೆರಡು ಸಲ ಹೇಳಿದರು.

"ಹಲ್ಲು ಉಳಿತೈತೇನ್ರಿ?" ಎಂದು ಕೇಳಿದೆ.

"ಹದಿನೈದ ನಿಮಿಷ ಅಂದ್ರ ಛಲೋ ಆಶಾ ಐತ್ರಿ" ಅಂದರು.

ಹಲ್ಲು ನಿಂತಿತು. ಎರಡು ವಾರಕ್ಕೆ ಬೇರಿನ ಒಳಗಿನ ನರ ತೆಗೆದು ಔಷಧ ತುಂಬಬೇಕೆಂದಾಗ, ಇದು ಮತ್ತೆ ಮತ್ತೆ ಕರೆಸುವ ಹಂಚಿಕೆ ಎಂದುಕೊಂಡೇ ಹೋದೆ. ತಂತಿ ಬಿಚ್ಚಿದರು. ಮಗಳು ಮೊದಲಿನಂತೆ ಬಾಯಿ ತುಂಬ ನಗತೊಡಗಿದಳು. ಕಚೇರಿಯಲ್ಲಿ ನಾನು ಈ ಕಥೆಯನ್ನು ಹೇಳಿಕೊಂಡು ಮೆರೆದೆ, ಹದಿನೈದು ನಿಮಿಷದಲ್ಲಿ ಓಡಿದೆವು ಎಂದೇ ಹೇಳಿದೆ. ಹೇಳಿ ಹೇಳಿ ನನಗೂ ಅದೇ ನಿಜವಾಗಿ ಕೂತಿತು.

ಒಂದು ವರ್ಷದ ಮೇಲೆ ತೋರಿಸಲು ಹೋದಾಗ ಡಾಕ್ಟರಮ್ಮ ಹೊಸ ಎಕ್ಸರೇಯನ್ನು ಹಳೆಯದರ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಹಲ್ಲಿನ ಬೇರನ್ನು ದವಡೆಯ ಎಲುಬೇ ತಿನ್ನುತ್ತಿದೆ ಎಂದರು. ಹೊರಗೆ ಹಲ್ಲು ಬೆಳ್ಳಗೆ ಗಟ್ಟಿಯಾಗಿತ್ತು, ಒಳಗೆ ಅರ್ಧ ಬೇರು ಕರಗಿತ್ತು.

"ಹದಿನೈದ ನಿಮಿಷದ ಹಲ್ಲು ಇಷ್ಟ ಲಗೂ ಹಿಂಗ ಆಗಬಾರದು" ಎಂದು ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. "ಅವತ್ತು ನಾ ಒಬ್ಬಾಕಿನ ಇದ್ದೆ. ಕೂಡಸೂ ಮುಂದ ಬೇರಿಗೆ ಪೆಟ್ಟು ಮಾಡಿದ್ನೋ ಏನೋ. ನನಗ ಕಲಿಸಿದ ಸರ್‌ಗೂ ಇದನ್ನ ತೋರಸ್ತೀನಿ. ನಂದ ತಪ್ಪು ಇರಬೇಕ್ರಿ."

ತಪ್ಪು ತನ್ನದು ಎನ್ನುವ ಡಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇದರ ಹಿಂದೆ ಏನಿದೆಯೋ ಎಂದು ಆಗಲೂ ಒಂದು ಗಳಿಗೆ ಅನುಮಾನಿಸಿದೆ. ನಾನು ಸುಮ್ಮನಿದ್ದರೆ ತಪ್ಪು ಅವರ ತಲೆಯ ಮೇಲೆಯೇ ಉಳಿಯುತ್ತಿತ್ತು. ಸುಮ್ಮನೆ ಇದ್ದೆ ಕೂಡ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಕುರ್ಚಿಯಲ್ಲಿ ಮಲಗಿದ್ದ ಮಗಳು ಈಗ ಬಾಯಿ ಮುಚ್ಚಿಕೊಂಡು ಎದ್ದು ಕುಳಿತಳು. ಬಾಯಿಯಲ್ಲಿ ಹತ್ತಿ ಇರಲಿಲ್ಲ. ಆದರೂ ನಾನೇ ಹೇಳಲೆಂದು ಕಾದಳು.

"ಹದಿನೈದ ನಿಮಿಷ ಅಲ್ರಿ" ಎಂದೆ. "ತಾಸಿನ ಮ್ಯಾಲ ಆಗಿತ್ತು. ಶೆಗಣ್ಯಾಗ ಸುತ್ತಿ ಮಾಳಗಿ ಮ್ಯಾಲ ಒಗದಿದ್ರು, ಬಿಸಲಾಗ ಬಿದ್ದಿತ್ತು. ನಿಮ್ಮ ತಪ್ಪಿಲ್ಲ."

ಅವರು ಕೈಗವಸು ತೆಗೆದರು. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಶೆಗಣಿ ಅವತ್ತ ಗೊತ್ತಾತ್ರಿ, ಬೇರಿಗೆ ಹತ್ತಿತ್ತು. ಹೇಳಾಕ ನಾಚಿಕೊಂಡಾರ ಅಂತ ಸುಮ್ಮನಾದೆ. ಹೊತ್ತು ಮಾತ್ರ ನೀವು ಹೇಳಿದ್ದ ನಂಬಿದೆ." ಎಕ್ಸರೇಗಳನ್ನು ಒಂದರ ಮೇಲೊಂದು ಜೋಡಿಸಿಡುತ್ತ ಅಂದರು, "ಖರೆ ಹೇಳಿದ್ರೂ ನಾ ಹಲ್ಲು ಕೂಡಸ್ತಿದ್ದೆ. ಮದಲ ಬೇರು ಔಷಧದಾಗ ನೆನಸಿ ಕೂಡಸ್ತಿದ್ದೆ, ಅಷ್ಟ. ಇನ್ನೊಂದೆರಡು ವರ್ಷ ಜಾಸ್ತಿ ಬಾಳತಿತ್ತೇನೋ."

ಇನ್ನು ಎಷ್ಟು ದಿನ ಎಂದು ಕೇಳಿದೆ. ಹೇಳಲಾಗದು, ಅದು ಬಿದ್ದ ಮೇಲೆ, ಹುಡುಗಿ ಬೆಳೆಯುವ ವಯಸ್ಸು ಮುಗಿಯುವ ತನಕ ಬೇರೆ ಏನಾದರೂ ಮಾಡೋಣ ಎಂದರು. ಆಮೇಲೆ ಕಾರ್ಡಿನಲ್ಲಿದ್ದ ಹದಿನೈದನ್ನು ಹೊಡೆದುಹಾಕಿ, ಕುರ್ಚಿಯನ್ನು ಮಗಳ ಕಡೆಗೆ ತಿರುಗಿಸಿಕೊಂಡು ಕುಳಿತರು. "ಇನ್ನ ಮ್ಯಾಲ ನೀನ ಹೇಳವಾ ನನಗ. ಹಲ್ಲು ಅಳ್ಳಾಡತೈತೇನು? ಗಟ್ಟಿ ಏನರ ಕಡೀತಿಯೇನು?" ನಾನು ರೂಢಿಯಂತೆ ಉತ್ತರ ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲಿಲ್ಲ.

ಯಲಬುರ್ಗಾ ಬಸ್ಸಿನಲ್ಲಿ ಮಗಳು ಕಿಟಕಿಯ ಹತ್ತಿರ ಕುಳಿತು ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವಳ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ. ಅರ್ಧ ದಾರಿ ಬಂದ ಮೇಲೆ ಕೇಳಿದಳು.

"ಮಮ್ಮಿ, ಮನ್ಯಾಗ ಪಪ್ಪಾಗ ಏನಂತ ಹೇಳ್ತಿ?"

"ಇದ್ದದ್ದು ಇದ್ದಂಗ ಹೇಳ್ತೀನಿ."

ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ಹೇಳೂ ಮುಂದ ನಾನೂ ಅಲ್ಲೇ ನಿಂದ್ರತೀನಿ" ಎಂದಳು.