ಕಾಲು ಇಳಿಬಿಟ್ಟು ಹಾಡಿದ ಕಚೇರಿ

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತು ವರ್ಷ ಸೀರೆ ನೇಯ್ದೆ. ನೇಯುತ್ತಲೇ ಹಾಡು ಕಟ್ಟಿದೆ, ರಾಗವನ್ನೂ ನಾನೇ ಹಾಕಿದೆ. ಬೆಂಗಳೂರಿನ ರೇಡಿಯೋದವರು ಮೂರು ಸಲ ನನ್ನ ದನಿ ಕೇಳಿ ವಾಪಸು ಕಳಿಸಿದ್ದರು. ನಾಲ್ಕನೇ ಸಲ ಒಪ್ಪಿಕೊಂಡರು. ಎಪ್ಪತ್ತರ ದಶಕದ ಮೊದಮೊದಲಲ್ಲಿ, ಒಂದು ಬೆಳಗ್ಗೆ, ಕ್ಷೌರದಂಗಡಿಯ ರೇಡಿಯೋದಲ್ಲಿ ನನ್ನ ಎರಡು ಹಾಡು ಬಂದವು. ಅರ್ಧ ಗಡ್ಡ ಹೆರೆಸಿಕೊಂಡಿದ್ದವರು ಹಾಗೇ ಕೂತು ಕೇಳಿದರಂತೆ.

ಆಮೇಲೆ ಊರಿನವರೇ ಬಂದು ಕಚೇರಿ ಮಾಡು ಅಂದರು. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ಅದಕ್ಕೇ ಆ ಮಧ್ಯಾಹ್ನವನ್ನೇ ಗೊತ್ತುಮಾಡಿದರು. ನನ್ನ ಜೊತೆ ನುಡಿಸಲು ಒಪ್ಪಿದ್ದ ಹಾರ್ಮೋನಿಯಂ ಮೇಷ್ಟ್ರಿಗೆ ಮಾತ್ರ ಧೈರ್ಯವಿರಲಿಲ್ಲ.

"ಬರೀ ನಿನ್ನ ಹಾಡೇ ಆದ್ರೆ ಜನ ಎದ್ದು ಹೋಗ್ತಾರೆ ಕಣಯ್ಯ. ಮಧ್ಯೆ ನಾಲ್ಕು ಸಿನಿಮಾ ಹಾಡು ಸೇರಿಸು."

"ಎದ್ದು ಹೋದ್ರೆ ಖಾಲಿ ಜಮಖಾನಕ್ಕೇ ಹಾಡ್ತೀನಿ ಮೇಷ್ಟ್ರೇ. ನಂದು ಬಿಟ್ಟು ಬೇರೇದು ಇಲ್ಲ."

ವಿದ್ವಾಂಸರ ಹಾಗೆ ವೇದಿಕೆಯ ನಡುವೆ ಚಕ್ಕಂಬಕ್ಕಲ ಹಾಕಿಸಿ ಕೂರಿಸಿದರು. ಹೆಗಲಿಗೆ ಜರಿ ಶಲ್ಯ. ಮೊದಲ ಚರಣಕ್ಕೇ ತಾಳ ತಪ್ಪಿತು. ನಾನು ಮುಂದೆ ಓಡಿದೆ, ತಬಲದವನು ಹಿಂದೆ ಬಿದ್ದ. ಎರಡನೇ ಹಾಡೂ ಹಾಗೇ. ಹಿಂದೆ ಇಬ್ಬರು ಎದ್ದು ಪಂಚೆ ಕೊಡವಿಕೊಂಡರು. ಮೇಷ್ಟ್ರು ನನ್ನ ಕಿವಿಗೆ ಬಗ್ಗಿ, "ಈಗಲಾದ್ರೂ ಸಿನಿಮಾದ್ದು ಒಂದು ಎತ್ಕೋ, ಮರ್ಯಾದೆ ಉಳಿಯುತ್ತೆ" ಅಂದರು.

ಆಗ ನನ್ನ ಪಕ್ಕದ ಮಗ್ಗದಲ್ಲಿ ಕೂರುವವನು ಜನರ ನಡುವಿನಿಂದ ಕೂಗಿದ: "ಲೇ! ಕಾಲು ಮಡಚ್ಕೊಂಡು ನೀನು ಯಾವತ್ತಾದ್ರೂ ಹಾಡಿದ್ಯೇನ್ಲಾ? ಇಳಿಬಿಡ್ಲಾ ಕಾಲ!"

ನೇಕಾರರೆಲ್ಲ ಗೊಳ್ಳೆಂದರು. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಗುಂಡಿ ಮಗ್ಗದಲ್ಲಿ ನೆಲದ ಮೇಲೆ ಕೂತು ಕಾಲನ್ನು ಗುಂಡಿಗೆ ಬಿಟ್ಟು ಹಲಗೆ ತುಳಿಯುತ್ತೇವೆ. ನನ್ನ ಒಂದೊಂದು ಹಾಡೂ ಆ ತುಳಿತಕ್ಕೇ ಹುಟ್ಟಿದ್ದು. ರೇಡಿಯೋ ಸ್ಟೇಷನ್ನಿನಲ್ಲಿ ನಿಂತು ಹಾಡಿದ್ದರಿಂದ ಕಾಲು ತನ್ನ ಪಾಡಿಗೆ ತಾನು ಆಡಿತ್ತು.

ಶಲ್ಯ ತೆಗೆದಿಟ್ಟೆ. ವೇದಿಕೆಯ ಅಂಚಿಗೆ ಸರಿದು ಎರಡೂ ಕಾಲು ಇಳಿಬಿಟ್ಟೆ.

"ಮೇಷ್ಟ್ರೇ, ಪೆಟ್ಟಿಗೆ ಇತ್ಲಾಗೆ ತನ್ನಿ. ತಬಲದಣ್ಣ, ನನ್ನ ಮುಖ ನೋಡ್ಬೇಡ, ಪಾದ ನೋಡು."

ಮೊದಲನೇ ಹಾಡನ್ನೇ ಮತ್ತೆ ಎತ್ತಿಕೊಂಡೆ. ಬಲಗಾಲು, ಎಡಗಾಲು. ದನಿ ಎದೆಯಿಂದ ಸಲೀಸಾಗಿ ಬಂತು. ಮುಂದಿನ ಸಾಲಿನ ನೇಕಾರರ ಪಾದಗಳೂ ಅಲ್ಲಾಡತೊಡಗಿದವು. ಎದ್ದಿದ್ದ ಇಬ್ಬರಿಗೆ ಮತ್ತೆ ಕೂರಲು ಜಾಗ ಸಿಗಲಿಲ್ಲ, ಕೊನೆತನಕ ನಿಂತೇ ಕೇಳಿದರು. ಹನ್ನೊಂದು ಹಾಡು, ಹನ್ನೊಂದೂ ನನ್ನವೇ.

ಕೈ ಮುಗಿದಾಗ ಯಾರೋ ಒಬ್ಬ, "ಗುರೂ, ಸಿನಿಮಾದ್ದು ಒಂದು!" ಅಂದ.

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, "ಇಲ್ಲಿ ಅದೆಲ್ಲಾ ಇಲ್ಲ, ಟೆಂಟ್ ಸಿನಿಮಾಕ್ಕೆ ಹೋಗಪ್ಪಾ" ಎಂದು ಗದರಿದರು.