ನಸುಕಿನಲ್ಲಿ ಮಾತ್ರ ಕಾಣುವ ಬಲ್ಬು

ನಾಲ್ಕು ಗಂಟೆಗೆ ನಲ್ಲಿ ಕೆಮ್ಮುತ್ತದೆ. ಕೆಮ್ಮಿದ ಕೂಡಲೇ ಏಳಬೇಕು, ಐದಕ್ಕೆಲ್ಲ ಅದು ನಿಂತುಬಿಡುತ್ತದೆ. ಬಚ್ಚಲಿನ ಡ್ರಮ್ಮಿಗೆ ಹನ್ನೆರಡು ಬಕೆಟ್, ಅಡುಗೆಮನೆಗೆ ನಾಲ್ಕು. ಬಕೆಟ್ ತುಂಬುವ ಸಂದಿಯಲ್ಲಿ ರಾತ್ರಿಯ ಪಾತ್ರೆಗಳು. ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ. ಗಂಡನ ಅಂಗಿಗೆ ಇಸ್ತ್ರಿ, ಮೊದಲು ಕಾಲರ್, ಅವನು ನೋಡುವುದು ಅದೊಂದನ್ನೇ. ಮಗಳ ಶಾಲೆಯ ಶೂಗೆ ಒರೆಸುಬಟ್ಟೆ. ಹಾಲು ಕಾಯಿಸುವುದು, ಡಬ್ಬಿಗೆ ಅನ್ನ ಇಡುವುದು, ಬಾಗಿಲ ಮುಂದೆ ಕಸ ಹೊಡೆಯುವುದು, ಅದೂ ಸದ್ದಾಗದ ಹಾಗೆ.

ಇಷ್ಟೂ ಮುಗಿದ ಮೇಲೆ, ಮನೆ ಏಳುವ ಮೊದಲು, ಅರ್ಧ ಗಂಟೆ ಮಿಗುತ್ತದೆ. ಅದು ತಾನಾಗಿ ಮಿಗುವುದಿಲ್ಲ. ಇಲ್ಲಿ ಎರಡು ನಿಮಿಷ, ಅಲ್ಲಿ ಮೂರು ನಿಮಿಷ ಎಂದು ಕದ್ದು ಕೂಡಿಸಿದ್ದು. ಆ ಅರ್ಧ ಗಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಅವಳು ಹಿತ್ತಲಿನ ಶೆಡ್ಡಿಗೆ ಹೋಗುತ್ತಾಳೆ.

ಬೀದಿಯವರು ಅವಳನ್ನು ಕರೆಂಟಕ್ಕ ಎನ್ನುತ್ತಾರೆ. ಕೆಟ್ಟ ಫ್ಯಾನು, ಬಿಸಿಯಾಗದ ಇಸ್ತ್ರಿಪೆಟ್ಟಿಗೆ, ಯಾವುದೇ ಇರಲಿ, ಹೆಂಗಸರು ಹಿಂಬಾಗಿಲಿಗೆ ತಂದು ಕೊಡುತ್ತಾರೆ. ಗಂಡಸರು ತಂದರೆ ಮುಂಬಾಗಿಲಿಗೆ ಬಂದು ಅವಳ ಗಂಡನ ಕೈಗೆ ಕೊಡುತ್ತಾರೆ. ಅವನು ಅದನ್ನು ಒಳಗೆ ತಂದು ಅವಳ ಕೈಗೆ ಕೊಡುತ್ತಾನೆ. ಸರಿಯಾದ ಮೇಲೆ ಅದೇ ದಾರಿಯಲ್ಲಿ ವಾಪಸು ಹೋಗುತ್ತದೆ. "ಏನಿಲ್ಲ, ಒಂದು ಲೂಸ್ ಕನೆಕ್ಷನ್ ಇತ್ತು" ಎಂದು ಅವನು ಹೇಳುವುದು ಅಡುಗೆಮನೆಗೆ ಕೇಳಿಸುತ್ತದೆ.

ಶೆಡ್ಡಿನಲ್ಲಿ ಮರದ ಸ್ಟ್ಯಾಂಡಿಗೆ ಕಚ್ಚಿಕೊಂಡು ಅವಳ ಅಪ್ಪನ ಮೋಟರು ನಿಂತಿತ್ತು. ದೋಣಿಯ ಹಿಂಬದಿಗೆ ಸಿಕ್ಕಿಸುವಂಥದ್ದು, ಅವಳಿಗಿಂತ ನಾಲ್ಕೇ ವರ್ಷ ಚಿಕ್ಕದು. ಕತ್ತಲಲ್ಲಿ ನೋಡಿದರೆ ಕತ್ತು ಬಗ್ಗಿಸಿಕೊಂಡು ನಿಂತೇ ನಿದ್ದೆಹೋದ ಯಾವುದೋ ದೊಡ್ಡ ಹಕ್ಕಿಯ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಬ್ಯಾಟರಿ, ಗೋಡೆಯ ಮೊಳೆಗೆ ನೇತುಹಾಕಿದ, ಕೀಲಿ ತಿರುಗಿಸಿ ಮೋಟರು ಎಬ್ಬಿಸುವ ಡಬ್ಬಿ. ಅಪ್ಪನ ಪುಟ್ಟ ದೋಣಿ ಹೊಳೆಯ ದಂಡೆಯಲ್ಲಿ, ಎರಡು ಬೀದಿ ಆಚೆ, ಅಪ್ಪ ಹೋದ ಮೇಲೆ ನಾಲ್ಕು ವರ್ಷದಿಂದ ಬೋರಲು ಬಿದ್ದಿತ್ತು. ಗಂಡನಿಗೆ ತನ್ನದೇ ದೊಡ್ಡ ದೋಣಿ ಇತ್ತು, ಹೊಸ ಮೋಟರಿತ್ತು.

ಹೋದ ತಿಂಗಳು ಆಸ್ಪತ್ರೆಯ ನರ್ಸ್ ಹಿಂಬಾಗಿಲಿಗೆ ಬಂದಿದ್ದಳು, ಕೈಯಲ್ಲಿ ಕೆಟ್ಟ ವಸ್ತು ಯಾವುದೂ ಇರಲಿಲ್ಲ.

"ಆಚೆ ದಡಕ್ಕೆ ವಾರಕ್ಕೆ ಮೂರು ದಿನ ಹೋಗ್ಬೇಕು ಕರೆಂಟಕ್ಕ. ಬಸುರಿಯರನ್ನ ನೋಡೋಕೆ. ದೊಡ್ಡ ದೋಣಿಯೋರು ಜನ ತುಂಬೋವರೆಗೂ ಬಿಡಲ್ಲ. ನಿಮ್ಮಪ್ಪನ ದೋಣಿ ಇದೆಯಲ್ಲ?"

"ದೋಣಿ ಇದೆ. ನಡೆಸೋರು ಯಾರು?"

"ನೀವು ಚಿಕ್ಕೋರಿದ್ದಾಗ ಯಾರು ನಡೆಸ್ತಿದ್ರಂತೆ?"

ಅಂದು ರಾತ್ರಿ ಕರೆಂಟಕ್ಕನ ಕನಸಿನಲ್ಲಿ ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆಲ್ಲ ಹೊಳೆಯೇ ತುಂಬಿತ್ತು.

ಆದರೆ ಅಷ್ಟರಲ್ಲಿ ಗಂಡ ಮೋಟರನ್ನು ಮಾರಲು ಮನಸ್ಸು ಮಾಡಿದ್ದ. ಚೆನ್ನಾಗಿ ಕಾಣಲಿ ಎಂದು ಎರಡು ಕೋಟು ನೀಲಿ ಬಣ್ಣ ಬಳಿದ. ಬಣ್ಣದ ಕೆಲಸದಲ್ಲಿ ಅವನು ಬಲು ಅಚ್ಚುಕಟ್ಟು, ಬೋಲ್ಟಿನ ಸುತ್ತ ಬಳಿದು ಬಿಡುವವನಲ್ಲ. ಬಿಚ್ಚಿ, ಅಡಿಗೂ ಬಳಿದು, ಒಣಗಿಸಿ, ಮತ್ತೆ ಬಿಗಿಯುವವನು. "ಇವನು ಕುರ್ಚಿಗೆ ಬಣ್ಣ ಹೊಡೆದ್ರೆ ಕೂತೋರಿಗೂ ಒಂದು ಕೋಟು" ಎಂದು ಅತ್ತೆ ನಕ್ಕಿದ್ದರು. ಬಣ್ಣ ಒಣಗಿದ ಮೇಲೆ ಕೀಲಿ ತಿರುಗಿಸಿದರೆ ಮೋಟರು ಒಂದು ಸಲ ಟಕ್ ಎಂದು ಸುಮ್ಮನಾಯಿತು. ಹಗ್ಗ ಎಳೆದು ಎಬ್ಬಿಸುವ ಭಾಗ ಎಂದೋ ಮುರಿದುಹೋಗಿತ್ತು.

"ಸತ್ತಿದೆ. ಹಳೇ ಸಾಮಾನಿನೋನಿಗೆ ಕೊಟ್ಬಿಡೋಣ" ಎಂದ ಗಂಡ.

"ನನಗೆ ಬಿಡಿ. ನಾನು ಎಬ್ಬಿಸಿದ್ರೆ ನನಗೇ ಇರ್ಲಿ."

ಅವನು ನಕ್ಕ. "ಆಗ್ಲಿ ಇಂಜಿನಿಯರಮ್ಮ. ಅವನು ಬರೋದು ಮುಂದಿನ ವಾರ ಶುಕ್ರವಾರ ಬೆಳಿಗ್ಗೆ ಆರೂವರೆಗೆ. ಅಷ್ಟರೊಳಗೆ ಐದು ನಿಮಿಷ ಓಡಿಸಿ ತೋರಿಸು, ನಿನ್ನದೇ. ಸುಮ್ನೆ ಗೊಣಗಿದ್ರೆ ಲೆಕ್ಕಕ್ಕಿಲ್ಲ."

"ಗೊಣಗೋದು ಲೆಕ್ಕಕ್ಕಿದ್ದಿದ್ರೆ ಈ ಮನೆಯೇ ನನ್ನದಾಗ್ತಿತ್ತು."

ಅತ್ತೆ ಮಗ್ಗುಲು ಬದಲಿಸಿದರು. ನಗು ಮುಚ್ಚಿಕೊಳ್ಳಲು ಅವರು ಹಾಗೆ ಮಾಡುತ್ತಾರೆ.

ಹಾಗೆ ಹತ್ತು ಬೆಳಗು ಹೋದವು. ಅವಳ ಉಪಕರಣ ಒಂದೇ, ಬೈಕಿನ ಹಳೆಯ ಬಲ್ಬು, ಅದಕ್ಕೆ ಬೆಸೆದ ಎರಡು ವೈರು. ಕರೆಂಟು ಇರುವ ಕಡೆ ಮುಟ್ಟಿಸಿದರೆ ಹತ್ತುತ್ತದೆ, ಇಲ್ಲದ ಕಡೆ ಇಲ್ಲ. ಹಗಲಲ್ಲಿ ಅದರ ಮಂದ ಬೆಳಕು ಕಣ್ಣಿಗೆ ಹತ್ತುವುದಿಲ್ಲ, ನಸುಕೇ ಬೇಕು. ಬ್ಯಾಟರಿಯ ಕೊನೆಗಳನ್ನು ಉಜ್ಜಿದಳು. ಕೆಂಪು ತಂತಿಯನ್ನು ಗೇಣುಗೇಣಾಗಿ ಹಿಂಬಾಲಿಸಿದಳು. ಕೀಲಿಯವರೆಗೂ ಬಲ್ಬು ಹತ್ತಿತು, ಟಕ್ ಎನ್ನುವ ಸ್ವಿಚ್ಚಿನವರೆಗೂ ಹತ್ತಿತು, ಅದರಾಚೆ, ಮೋಟರನ್ನು ಮೊದಲು ತಿರುಗಿಸುವ ಸ್ಟಾರ್ಟರಿನ ಬಾಯಿಯವರೆಗೂ ಹತ್ತಿತು. ಎಲ್ಲ ಕಡೆಯೂ ಕರೆಂಟು ಇದೆ, ಮೋಟರು ಮಾತ್ರ ತಿರುಗುವುದಿಲ್ಲ.

ಇಂದು ಶುಕ್ರವಾರ. ಶೆಡ್ಡಿನ ಬಾಗಿಲಲ್ಲಿ ಮಂಜು ಬೆಕ್ಕಿನ ಹಾಗೆ ಬಂದು ಕೂತಿತ್ತು. ಅವಳು ಮಣೆಯ ಮೇಲೆ ಕೂತು ಸುಮ್ಮನೆ ನೀಲಿ ಮೋಟರನ್ನು ನೋಡಿದಳು. ಅರೆನಿದ್ದೆಯಲ್ಲಿ ಕಣ್ಣು ಮುಚ್ಚಿತು. ಎಲ್ಲೋ ನೀರಿನ ಮೇಲೆ ಅಪ್ಪ ಬೀಡಿ ಹಚ್ಚುತ್ತಿದ್ದ. "ಕರೆಂಟು ಹೋದ್ರೆ ಸಾಲದು ಮಗಳೇ, ವಾಪಸು ಬರ್ಬೇಕು. ಹೋಗೋ ದಾರೀನ ಎಲ್ಲರೂ ನೋಡ್ತಾರೆ. ಬರೋ ದಾರಿ ಕರಿ ತಂತೀದು, ಅದನ್ನ ಯಾರೂ ನೋಡಲ್ಲ."

ಅವಳು ಕಣ್ಣು ತೆರೆದಳು. ಹತ್ತು ಬೆಳಗೂ ಕೆಂಪನ್ನೇ ನೋಡಿದ್ದೆ ಎಂದು ಹೊಳೆಯಿತು. ಕರಿ ತಂತಿ ಬ್ಯಾಟರಿಯಿಂದ ಬಂದು ಮೋಟರಿನ ಮೈಗೆ ಒಂದೇ ಬೋಲ್ಟಿನಲ್ಲಿ ಸೇರುತ್ತದೆ. ಬಲ್ಬಿನ ಒಂದು ವೈರನ್ನು ಬ್ಯಾಟರಿಯ ಕರಿ ಕೊನೆಗೆ ಸಿಕ್ಕಿಸಿದಳು, ಇನ್ನೊಂದನ್ನು ಮೋಟರಿನ ಮೈಯಲ್ಲಿ ಬಣ್ಣ ಕೆರೆದ ಜಾಗಕ್ಕೆ ಒತ್ತಿ ಹಿಡಿದಳು. ಕರಿ ತಂತಿ ಮೋಟರಿನ ಮೈಗೆ ಸರಿಯಾಗಿ ತಾಗಿ ಎರಡೂ ಒಂದೇ ಆಗಿದ್ದರೆ ಇಲ್ಲಿ ಬಲ್ಬು ಹತ್ತಲೇಬಾರದು. ಇನ್ನೊಂದು ಕೈಯಿಂದ ಕೀಲಿ ತಿರುಗಿಸಿದಳು.

ಟಕ್. ಬಲ್ಬಿನೊಳಗೆ ಬೂದಿ ಕೆದಕಿದಾಗ ಕಾಣುವ ಕೆಂಡದಷ್ಟು ಕೆಂಪು ಹತ್ತಿತು. ಹತ್ತಬಾರದ ಕಡೆ ಹತ್ತಿತು.

ಬೋಲ್ಟು ಬಿಚ್ಚಿದಳು. ತಂತಿಯ ಉಂಗುರದ ಅಡಿಯಲ್ಲಿ, ಲೋಹಕ್ಕೆ ಲೋಹ ತಾಗಬೇಕಾದಲ್ಲಿ, ಎರಡು ಕೋಟು ನೀಲಿ ಬಣ್ಣ, ಕನ್ನಡಿಯ ಹಾಗೆ ನುಣುಪಾಗಿ. ಬೋಲ್ಟಿನ ತಿರುಪಿನ ಸುತ್ತುಗಳ ಮೂಲಕ ನುಸುಳುವ ಚೂರು ಕರೆಂಟಿಗೆ ಟಕ್ ಎನ್ನುವಷ್ಟು ಶಕ್ತಿ ಇತ್ತು, ಮೋಟರನ್ನು ತಿರುಗಿಸುವಷ್ಟು ಇರಲಿಲ್ಲ. ಅವಳಿಗೆ ನಗು ಬಂತು. ಗಂಡನ ಅಚ್ಚುಕಟ್ಟುತನದ ಮೇಲೆ ಮೊದಲ ಬಾರಿಗೆ ಪ್ರೀತಿಯಂಥದ್ದೇನೋ ಉಕ್ಕಿತು. ಪಾತ್ರೆ ಉಜ್ಜುವ ತಂತಿನಾರಿನಿಂದ ಆ ಒಂದು ರೂಪಾಯಿಯಗಲದ ಜಾಗವನ್ನು ಬೆಳ್ಳಗೆ ಬೆಳಗಿದಳು. ಅಡಿ ಹತ್ತಿದ ಪಾತ್ರೆಯನ್ನು ಬೆಳಗುವಷ್ಟೇ ಸಲೀಸಾಗಿ ಕೈ ಓಡಿತು. ಬಿಗಿದಳು. ಒಂದು ಕ್ಷಣಕ್ಕೆಂದು ಕೀಲಿ ತಿರುಗಿಸಿದಳು.

ಮೋಟರು ಗಿರ್ರನೆ ಸುತ್ತಿತು. ಕೂಡಲೇ ನಿಲ್ಲಿಸಿದಳು.

ನೀರಿಲ್ಲದೆ ಓಡಿಸುವಂತಿಲ್ಲ. ಮೋಟರಿನ ಕಾಲು ನೀರಿನಲ್ಲಿರಬೇಕು, ಇಲ್ಲದಿದ್ದರೆ ನೀರೆಳೆಯುವ ಪಂಪು ಒಳಗೇ ಸುಟ್ಟುಹೋಗುತ್ತದೆ. ಸ್ಟ್ಯಾಂಡಿನ ಕೆಳಗೆ ಮೇಲ್ಭಾಗ ಕತ್ತರಿಸಿದ ಡ್ರಮ್ಮು ಇತ್ತು, ಖಾಲಿ. ಐದೂ ಮುಕ್ಕಾಲು ಆಗಿತ್ತು. ನಲ್ಲಿ ನಿಂತು ಬಹಳ ಹೊತ್ತಾಗಿತ್ತು, ಮತ್ತೆ ಬರುವುದು ಸಂಜೆಗೆ. ಹೊಳೆಯಿಂದ ಹೊತ್ತು ತಂದರೆ ಏಳೂವರೆ ಆಗುತ್ತದೆ.

ಬಚ್ಚಲಿನಲ್ಲಿ ಹನ್ನೆರಡು ಬಕೆಟ್ ನೀರಿತ್ತು.

ಅವಳು ಬಚ್ಚಲ ಬಾಗಿಲಲ್ಲಿ ನಿಂತಳು. ಡ್ರಮ್ಮಿನ ನೀರು ಅಲುಗಾಡದೆ ಕಿಟಕಿಯ ಬೂದು ಬೆಳಕನ್ನು ಹಿಡಿದುಕೊಂಡಿತ್ತು. ಸ್ನಾನವಿಲ್ಲದೆ ಗಂಡ ಹೊರಗೆ ಕಾಲಿಡುವವನಲ್ಲ. ಮಗಳು ಇಂದು ತಲೆ ತೊಳೆದುಕೊಳ್ಳುವ ದಿನ. ಮೋಟರಿಗೆ ಹಾಕಿದ ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ತೇಲುತ್ತದೆ, ಮತ್ತೆ ಯಾರ ಮೈಗೂ ಅದು ಬರುವುದಿಲ್ಲ. ಹದಿನಾಲ್ಕು ವರ್ಷ ಈ ನೀರು ತುಂಬಿದ್ದು ಅವಳೇ. ಮೊದಲ ಚೊಂಬು ಎಂದೂ ಅವಳದಾಗಿರಲಿಲ್ಲ. ಎಲ್ಲರದ್ದೂ ಆದ ಮೇಲೆ ತಳದಲ್ಲಿ ಮಿಕ್ಕ ತಣ್ಣನೆಯ ಎರಡು ಚೊಂಬನ್ನು ಮೈಗೆ ಸುರಿದುಕೊಳ್ಳುವಾಗ ಒಂದು ದಿನವೂ ಅದನ್ನು ಯೋಚಿಸಿದವಳಲ್ಲ.

ಬೀದಿಯ ತುದಿಯಲ್ಲಿ ಹಳೇ ಸಾಮಾನಿನವನ ಕೈಗಾಡಿಯ ಚಕ್ರ ಕಿರುಗುಟ್ಟಿದಂತಾಯಿತು. ಅಥವಾ ಗೇಟು ಇರಬಹುದು.

ಅವಳು ಬಕೆಟ್ಟನ್ನು ಡ್ರಮ್ಮಿನಲ್ಲಿ ಅದ್ದಿದಳು.

ಒಂದು, ಎರಡು. ಬೆಳಗ್ಗೆ ಬಂದ ದಾರಿಯಲ್ಲೇ ನೀರು ವಾಪಸು ಹೊರಟಿತು. ಏಳನೆಯ ಬಕೆಟ್ಟಿಗೆ ಅತ್ತೆ ಮಲಗಿದಲ್ಲಿಂದಲೇ ಕೇಳಿದರು.

"ಏನೇ ಅದು ಸದ್ದು?"

"ನೀರು ಅತ್ತೆ."

"ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೀಯ?"

"ಶೆಡ್ಡಿಗೆ. ಇವತ್ತು ಯಾರಿಗೂ ಸ್ನಾನಕ್ಕಿಲ್ಲ."

ಅತ್ತೆ ಮಗ್ಗುಲು ಬದಲಿಸಿದ ಸದ್ದು ಕೇಳಿತು.

ಕೊನೆಯ ಬಕೆಟ್ಟಿಗೆ ಡ್ರಮ್ಮಿನ ತಳ ಕೆರೆಯಬೇಕಾಯಿತು. ಅದನ್ನೂ ತೆಗೆದುಕೊಂಡಳು. ಶೆಡ್ಡಿನಲ್ಲಿ ನೀರು ಮೋಟರಿನ ಕಾಲನ್ನು ಮುಳುಗಿಸಿ ನಿಂತಿತು. ಸೀರೆಯ ನೆರಿಗೆ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಅವಳು ಶೆಡ್ಡಿನ ಬಾಗಿಲನ್ನು ಅಗಲವಾಗಿ ತೆರೆದು ಕಲ್ಲು ಒತ್ತಿಟ್ಟಳು, ಮಲಗಿದವರಿಗೆಲ್ಲ ಕೇಳಿಸಲಿ ಎಂದು. ಆಮೇಲೆ ಕೀಲಿ ತಿರುಗಿಸಿದಳು.