ಗೋಡೆಯಾಚೆಯ ಕೊಹೆನ್

ನಮ್ಮ ಜೆರ್ಬಾ ದ್ವೀಪದ ಯೆಹೂದಿಗಳ ಚಿಕ್ಕಕೇರಿಯಲ್ಲಿ ನಿಂತು "ಕೊಹೆನ್" ಎಂದು ಕೂಗಿದರೆ ಊರಿಗೆ ಊರೇ ತಿರುಗಿ ನೋಡುತ್ತದೆ. ಯೆರೂಸಲೇಮಿನ ದೇಗುಲ ಸುಟ್ಟಾಗ ಅದರ ಒಂದು ಬಾಗಿಲನ್ನು ಹೊತ್ತು ತಂದ ಕೊಹೆನರ, ಅಂದರೆ ಪುರೋಹಿತರ, ಸಂತಾನ ತಾವು ಎನ್ನುತ್ತಾರೆ ಆ ಕೇರಿಯವರು. ಎಲ್ಲರಿಗೂ ಅದೇ ಹೆಸರಾದ್ದರಿಂದ ಅಂಚೆಯವನು ಮೂಗ, ಕುಂಟ, ಬೋಳ ಎಂದು ಗುರುತಿಟ್ಟುಕೊಂಡಿದ್ದಾನೆ.

ಕೊಹೆನನಾದವನು ಹೆಣದ ಹತ್ತಿರ ಸುಳಿಯಬಾರದು, ಹೆಣವಿರುವ ಸೂರಿನ ಕೆಳಗೂ ಇರಬಾರದು, ಸ್ಮಶಾನದೊಳಗೆ ಕಾಲಿಡಬಾರದು. ಹೆತ್ತವರು, ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು, ಮದುವೆಯಾಗದ ಅಕ್ಕತಂಗಿಯರು ಸತ್ತರೆ ಮಾತ್ರ ಹೋಗಬಹುದು. ಹಾಗಾಗಿ ಅವರ ಹೆಣ ಹೊರಲು ದೊಡ್ಡಕೇರಿಯ, ಕೊಹೆನರಲ್ಲದ ನಾವೇ ಬೇಕು. ಮಡಿ ಅವರದು, ಭುಜ ನಮ್ಮದು. ನಲವತ್ತು ವರ್ಷ ಹೊತ್ತವನು ನಾನು, ಇಷ್ಟು ಹೇಳುವ ಹಕ್ಕು ನನಗಿದೆ.

ಬೆಳ್ಳಿ ಕೆಲಸದ ಖಮೂಸ್ ಕೊಹೆನ್ ನನ್ನ ಗೆಳೆಯ. ಎರಡು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಸಾಕಿದವಳು ಅಕ್ಕ ಕಮೂನಾ. ತಮ್ಮನನ್ನು ಬಿಟ್ಟುಹೋಗಲಾರದೆ, ಬಂದ ಗಂಡುಗಳನ್ನೆಲ್ಲ ಹಿಂದಕ್ಕೆ ಕಳಿಸಿ ಮೂವತ್ತೈದು ದಾಟಿದಳು. ಕೊನೆಗೆ ಊರವರ ಬಾಯಿಗೆ ಹೆದರಿ ಖಮೂಸನೇ ನಮ್ಮ ಕೇರಿಯ ಉಣ್ಣೆ ವ್ಯಾಪಾರಿ, ಹೆಂಡತಿ ಸತ್ತಿದ್ದ ಸಿಯೋನ್ ಹದ್ದಾದನಿಗೆ ಅವಳನ್ನು ಕೊಟ್ಟ. ಅವಳಿಗೆ ಮನಸ್ಸಿರಲಿಲ್ಲ.

"ಮದುವೆ ಆಗ್ದೆ ಸತ್ರೆ ಗುಂಡಿ ತನಕ ನೀನು ಬರ್ತೀಯ ಕಣೋ. ಮದುವೆ ಆಗಿ ಸತ್ರೆ ಯಾರು ಬರ್ತಾರೆ?" ಎಂದಿದ್ದಳಂತೆ.

"ಸಾಯೋ ಮಾತು ಈಗ್ಯಾಕಕ್ಕ, ಬಾದಾಮಿ ಹುರಿ," ಎಂದು ಇವನು ನಕ್ಕಿದ್ದ.

ಹನ್ನೊಂದು ವರ್ಷದ ಮೇಲೆ ಅವಳಿಗೆ ಎದೆಯ ಕಾಯಿಲೆ ಬಂತು. ಆರು ದಿನ ಖಮೂಸ್ ಮಂಚದ ಪಕ್ಕದಿಂದ ಕದಲಲಿಲ್ಲ. ಏಳನೆಯ ದಿನ ಮಧ್ಯಾಹ್ನ ಉಸಿರು ಕೆಟ್ಟಿತು. ಕೊನೆಯ ಉಸಿರಿನ ಸದ್ದು ನನಗೆ ಗೊತ್ತು. ಹೇಳುವ ಪಾಪವೂ ನನ್ನ ಪಾಲಿಗೇ ಬಂತು.

"ಹೊರಗೆ ಬಾ ಖಮೂಸ್. ಹೊತ್ತಾಯ್ತು."

"ಕೈ ಹಿಡ್ಕೊಂಡಿದಾಳೆ ಕಣೋ. ಹೆಂಗೆ ಬಿಡಿಸ್ಲಿ?"

ಬಾಗಿಲಲ್ಲಿ ನಿಂತಿದ್ದ ನಮ್ಮ ಕೇರಿಯ ಧರ್ಮಗುರು ರಬ್ಬಿಗಳ ಮುಖ ನೋಡಿದ. ಗ್ರಂಥಗಳನ್ನೆಲ್ಲ ಅರೆದು ಕುಡಿದ ಅವರು ಕಣ್ಣೊರೆಸಿಕೊಂಡು, ಮದುವೆಯಾದ ಅಕ್ಕ, ದಾರಿಯಿಲ್ಲ ಮಗು ಎಂದರು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನು. ಅವನು ಹೊಸ್ತಿಲು ದಾಟಿದ ಮೇಲೆ ಅವಳು ಕಣ್ಣು ತೆರೆದು ಅವನಿದ್ದ ಜಾಗ ನೋಡಿದಳು. ಅಲ್ಲಿ ನಾನಿದ್ದೆ.

ಸ್ಮಶಾನದ ಗೋಡೆಯ ಪಕ್ಕದಲ್ಲಾದರೂ ಅವಳನ್ನು ಹೂಳಿ, ದಾರಿಯಿಂದ ಕಾಣುತ್ತದೆ ಎಂದು ಅಂಗಲಾಚಿದ. ಆ ಸಾಲು ಕೊಹೆನರಿಗೆ ಮೀಸಲು, ಅವಳೀಗ ಹದ್ದಾದ್ ಎಂದರು ಹಿರಿಯರು. ಒಳಗೆ, ಸಿಯೋನನ ಮೊದಲ ಹೆಂಡತಿಯ ಪಕ್ಕ ಮಲಗಿಸಿದೆವು. ನಾನು ಮಣ್ಣು ಎಳೆಯುತ್ತಿದ್ದಾಗ ಗೋಡೆಯಾಚೆಯಿಂದ ಅವನ ದನಿ ಬಂತು.

"ಮಕ್ಲೂಫ್, ತಲೆ ಕೆಳಗೆ ಕಲ್ಲಿದ್ರೆ ತೆಗೆಯೋ."

ತೆಗೆದೆ ಎಂದು ಕೂಗಿದೆ. ಸುಳ್ಳು. ಆಗಲೇ ಅರ್ಧ ಮುಚ್ಚಿಯಾಗಿತ್ತು.

ಆಮೇಲೆ ಚಿಕ್ಕಕೇರಿ ಬರಿದಾಗುತ್ತ ಬಂತು. ಕೊಹೆನರು ಟ್ರಿಪೋಲಿ, ಮಾರ್ಸೇಲ್ಸ್, ಪ್ಯಾರಿಸ್ ಎಂದು ಚೆದುರಿದರು. ಕೊಹೆನ್ ಎಂಬ ಹೆಸರು ಅಲ್ಲಿ ಅಂಗಡಿಯ ಬೋರ್ಡು ಹತ್ತಿತು. ಇಲ್ಲಿ ಯಾರು ಬೇಕಾದರೂ ಯಾರ ಮಣ್ಣಿಗೆ ಬೇಕಾದರೂ ಹೋಗುತ್ತಾರೆ, ಬಾ ಎಂದು ಖಮೂಸನಿಗೆ ಅವನ ಚಿಕ್ಕಪ್ಪನ ಮಗ ಮಾರ್ಸೇಲ್ಸಿನಿಂದ ಬರೆದ. ಅಲ್ಲಿ ಹೋಗಿ ಯಾರ ಮಣ್ಣಿಗೆ ಹೋಗಲಿ ಎಂದು ಖಮೂಸ್ ನನ್ನನ್ನು ಕೇಳಿದ. ಪ್ರತಿ ಶುಕ್ರವಾರ ಬೆಳಿಗ್ಗೆ ಗೋಡೆಯ ಹೊರಗೆ ಬಂದು ನಿಲ್ಲುತ್ತಿದ್ದ. ಅಲ್ಲಿಂದ ಅವಳ ಸಮಾಧಿ ಕಾಣುವುದಿಲ್ಲ. ಹತ್ತೊಂಬತ್ತು ವರ್ಷ ನಿಂತ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಅವನು ಸತ್ತಾಗಲೂ ಹೊತ್ತವರು ನಾವೇ. ಗೋಡೆಯ ಸಾಲಿನಲ್ಲಿ ಗುಂಡಿ ಸಿದ್ಧವಿತ್ತು. ನಾನು ಚಟ್ಟವನ್ನು ಅತ್ತ ತಿರುಗಿಸದೆ ಒಳಕ್ಕೆ ನಡೆಸಿ ಕಮೂನಾಳ ಪಕ್ಕ ಇಳಿಸಿದೆ. ಸತ್ತ ಕೊಹೆನನಿಗೆ ಮಡಿಯಿಲ್ಲ, ಯಾರೂ ತಡೆಯಲಿಲ್ಲ.

"ಬಂದಿದಾನೆ ನೋಡಮ್ಮ," ಎಂದೆ.

ಕೇಳಬೇಕಾಗಿದ್ದ ಇಬ್ಬರಿಗೂ ಅದು ಕೇಳಿಸುವಂತಿರಲಿಲ್ಲ. ಮತ್ತೆ ಭುಜಕ್ಕೇರಿಸಿ ಅವನ ಸಾಲಿಗೆ ಒಯ್ದೆವು.